ಕೆಂಪು ರಿಬ್ಬನ್ ಕಟ್ಟಿದ ಗಿಡಗಳು

ಮೇ 9, ಬೆಳಿಗ್ಗೆ 9.40. ಶಾಲಾ ಶಿಕ್ಷಕಿ ಚಿನ್ಮಯೀ ಕೊಟ್ಟ ದೂರನ್ನು ಇನ್‌ಸ್ಪೆಕ್ಟರ್ ಅಯಾಜ ಎರಡು ಸಲ ಓದಿದರು. ಕೆಲಗೇರಿಯಾಚೆಯ ಕಾಡುರಸ್ತೆಯಲ್ಲಿ ಮಡಿವಾಳ ಹಕ್ಕಿಯ ನಾಲ್ಕು ಗೂಡುಗಳಿಂದ ಹನ್ನೊಂದು ಮರಿಗಳು ಕಾಣೆಯಾಗಿದ್ದವು.

"ಹಾವು ತಿಂದಿರಬೇಕಲ್ರಿ?"

"ಹಾವು ಜೋಳದ ನುಚ್ಚು ಇಟ್ಟು ಹೋಗತದೇನ್ರಿ ಸರ?"

ಎಫ್‌ಐಆರ್ ದಾಖಲಾಯಿತು. 11.15ಕ್ಕೆ ಸ್ಥಳ ಪಂಚನಾಮೆ. ಮರಿ ಹೋದ ಪ್ರತಿ ಗಿಡದ ಬುಡದಲ್ಲೂ ಮುತ್ತುಗದೆಲೆಯ ಮೇಲೆ ಹಿಡಿ ನುಚ್ಚು.

"ಕಳ್ಳ ಎಡಿ ಇಟ್ಟಾನ್ರಿ ಸಾಹೇಬ್ರ!" ಎಂದಳು ಹೆಡ್ ಕಾನ್ಸ್‌ಟೇಬಲ್ ರತ್ನವ್ವ.

ಅಯಾಜರಿಗೆ ತಲೆಬುಡ ತಿಳಿಯಲಿಲ್ಲ. ಗೂಡಿದ್ದ ಪೊಟರೆ ಮತ್ತೆ ಸಿಗಲೆಂದು ಚಿನ್ಮಯೀ ಆ ನಾಲ್ಕೂ ಗಿಡಗಳಿಗೆ ಕೆಂಪು ರಿಬ್ಬನ್ ಕಟ್ಟಿದ್ದಳು. ರಿಬ್ಬನ್ ಇಲ್ಲದ ಇನ್ನೊಂದು ಗಿಡದ ಗೂಡಿನಲ್ಲಿ ಮರಿಗಳು ಹಾಗೇ ಇದ್ದವು.

"ದಾರಿ ನೀವ ತೋರಿಸೀರಿ, ಅಕ್ಕೋರ," ಎಂದಳು ರತ್ನವ್ವ.

ಎರಡು ದಿನ ಹುಬ್ಬಳ್ಳಿಯ ಹಕ್ಕಿ ಮಾರುವವರನ್ನೆಲ್ಲ ವಿಚಾರಿಸಿದರು. ಒಂದು ಮರಿಯೂ ಮಾರಾಟಕ್ಕೆ ಬಂದಿರಲಿಲ್ಲ. ಮಾರದವನು ಕದ್ದದ್ದೇಕೆ?

ಮೇ 12. ಖಾಲಿ ಪೊಟರೆಯ ಗಿಡವೊಂದಕ್ಕೆ ರಿಬ್ಬನ್ ಕಟ್ಟಿ ಅಯಾಜ, ರತ್ನವ್ವ, ಚಿನ್ಮಯೀ ಮರೆಯಲ್ಲಿ ನಿಂತರು. ಬೆಳಿಗ್ಗೆ 6.05ಕ್ಕೆ ಸ್ಕೂಟರಿನಲ್ಲಿ ಬಂದವನು ಅಮರಗೋಳದ ಕಾಳಿನ ವ್ಯಾಪಾರಿ ಬಸಣ್ಣ, ವಯಸ್ಸು ಅರವತ್ತೊಂದು. ಪೊಟರೆಗೆ ಕೈ ಹಾಕಿದ. ಏನೂ ಸಿಗಲಿಲ್ಲ. ಆದರೂ ಎಲೆ ಹಾಸಿ ನುಚ್ಚು ಇಟ್ಟ. ರತ್ನವ್ವ ಕೈ ಹಿಡಿದಳು.

"ಮರಿ ಎಲ್ಲದಾವು?"

"ಅಂಗಡ್ಯಾಗ್ರಿ. ಮೂರ ಉಳದಾವು."

"ಉಳಿದ ಎಂಟು?"

"ಸತ್ತೂರಿ. ತಾಸಿಗೊಮ್ಮೆ ನುಚ್ಚು ನೆನಸಿ ತಿನ್ನಿಸೇನ್ರಿ. ಯಾಕ ಸಾಯ್ತಾವೋ ತಿಳೀವಲ್ದು."

"ಆ ಮರಿಗೆ ಹುಳಾ ಬೇಕ್ರಿ ಕಾಕಾ," ಎಂದಳು ಚಿನ್ಮಯೀ. "ಕಾಳಲ್ಲ."

ಬಸಣ್ಣ ನೆಲದ ಮೇಲೆ ಕುಳಿತುಬಿಟ್ಟ.

"ಒಯ್ದದ್ದು ಯಾಕ?" ಅಯಾಜ ಕೇಳಿದರು.

"ಕೆಂಪು ಗುರ್ತಿನ ಗಿಡ ಕಡೀತಾರಲ್ರಿ. ಹೋದ ವರ್ಷ ಅಂಗಡಿ ಮುಂದಿನ ಬೇವಿಗೆ ಹಿಂಗ ಗುರ್ತು ಹಾಕಿದ್ರು. ಸುಮ್ನ ಕುಂತ್ನಿ. ಗಿಡ ಬಿದ್ದಾಗ ಗೂಡಿನಾಗ ಮರಿ ಇದ್ದೂರಿ. ಈ ಸಲ ಮೊದಲ ತಗೊಂಡೆ. ತಾಯಿ ಹಸೀಬಾರ್ದಂತ ನುಚ್ಚಿಟ್ಟೆ."

ಚಿನ್ಮಯೀಯ ದನಿ ಇಳಿಯಿತು. "ರಿಬ್ಬನ್ ನಂದ್ರಿ ಕಾಕಾ. ಈ ಗಿಡಾ ಯಾರೂ ಕಡಿಯೂದಿಲ್ಲ."

ವನ್ಯಜೀವಿ ಕಾಯ್ದೆಯಡಿ 9.30ಕ್ಕೆ ಬಂಧನ ದಾಖಲಾಯಿತು. ದೂರು ಹಿಂದಕ್ಕೆ ತಗೊಳ್ಳಲೇ ಎಂದು ಚಿನ್ಮಯೀ ಕೇಳಿದಳು. ಇನ್ನು ಹಿಂದಕ್ಕೆ ತಗೊಳ್ಳಲು ಬರುವುದಿಲ್ಲ ಎಂದರು ಅಯಾಜ. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: 'ಮರಿಗಳ ಜೀವ ಉಳಿಸಲು.'

ಹೊರಗೆ ಠಾಣೆಯ ಹುಲ್ಲಿನಲ್ಲಿ, ಅಂಗಡಿಯಿಂದ ತಂದ ಮೂರು ಮರಿಗಳಿಗಾಗಿ ರತ್ನವ್ವ ಮಿಡತೆ ಹಿಡಿಯುತ್ತಿದ್ದಳು. ಕಿಟಕಿಯಿಂದ ನೋಡುತ್ತ ಬಸಣ್ಣ ಕೇಳಿದ:

"ಎಷ್ಟ ಹೊತ್ತಿಗೊಮ್ಮೆ ಕೊಡಬೇಕ್ರಿ?"