ಮಸಿ ಹೊತ್ತ ಬಾಗಿಲು

ಗುರುವಾರ ಬೆಳಿಗ್ಗೆ ಬಾಸ್ಕಿಂಗ್ ರಿಡ್ಜ್ ಎಂಬ ಅಮೆರಿಕನ್ ಊರಿನ ಪೊಲೀಸ್ ಠಾಣೆಗೆ ಫಾದರ್ ಲೂಕಸ್ ಏದುಸಿರು ಬಿಡುತ್ತ ಬಂದರು. ತಮ್ಮ ಚರ್ಚಿನ ಬಾಗಿಲ ಕಲ್ಲುಗಳನ್ನು ಯಾರೋ ಹಾಳುಮಾಡಿದ್ದಾರೆ ಎಂಬುದು ಅವರ ದೂರು. ಡಿಟೆಕ್ಟಿವ್ ಅವನಿ ಬೋರಲಿಂಗಯ್ಯ ದೂರು ದಾಖಲಿಸಿಕೊಂಡು, ಫಾದರ್ ಮತ್ತು ಆಫೀಸರ್ ಮ್ಯಾಲಿಯ ಜೊತೆ ಸ್ಥಳಕ್ಕೆ ಹೊರಟಳು.

ಆ ಚರ್ಚು ಮೂಲತಃ ಫ್ರಾನ್ಸಿನ ಒಂದು ಹಳ್ಳಿಯದು. ಮಹಾಯುದ್ಧದಲ್ಲಿ ಸುಟ್ಟುಹೋದದ್ದನ್ನು ಊರವರು ಮತ್ತೆ ಕಟ್ಟಿದ್ದರು. ಊರೇ ಖಾಲಿಯಾದಾಗ ಇಲ್ಲಿನ ಭಕ್ತರು ಒಂದೊಂದು ಕಲ್ಲಿಗೂ ನಂಬರು ಹಾಕಿ, ಹಡಗಿನಲ್ಲಿ ತಂದು, ಇದ್ದ ಹಾಗೆಯೇ ನಿಲ್ಲಿಸಿದ್ದರು. ದಪ್ಪ ಗೋಡೆ, ದುಂಡು ಕಮಾನು, ಮೋಟು ಗೋಪುರ, ಎಲ್ಲವೂ ಬಿಳಿ ಸುಣ್ಣಕಲ್ಲು. ಬಾಗಿಲ ಚೌಕಟ್ಟು ಮಾತ್ರ ಹಳೆಯ ಬೆಂಕಿಯ ಮಸಿಯನ್ನು ಹಾಗೇ ಉಳಿಸಿಕೊಂಡಿತ್ತು. ಈಗ ಅದು ಕೈಗೆಟುಕುವಷ್ಟು ಎತ್ತರದವರೆಗೆ ಫಳಫಳ ಅನ್ನುತ್ತಿತ್ತು.

ಮ್ಯಾಲಿ ಫೋಟೊ ತೆಗೆದ. ನಮ್ಮ ಕಡೆಯಾದರೆ ಇದನ್ನೇ ಪಂಚರ ಮುಂದೆ ಬರೆದಿಟ್ಟು ಪಂಚನಾಮೆ ಅನ್ನುತ್ತಾರೆ. ಗೋಡೆಯ ಬುಡದಲ್ಲಿ ಬಿದ್ದಿದ್ದ ಕಂದು ನಾರನ್ನು ಅವನಿ ಮೂಸಿದಳು. ಹುಣಸೆಹಣ್ಣು! ದೇವರ ದೀಪ ತಿಕ್ಕಿದಂತೆ ಯಾರೋ ಇತಿಹಾಸವನ್ನೇ ತಿಕ್ಕಿದ್ದರು. ನಮ್ಮವರೇ, ಇನ್ಯಾರು!

"ಈ ಮಸಿ ಬಗ್ಗೆ ಯಾರಾದರೂ ಕೇಳಿದ್ದರಾ?"

"ಶನಿವಾರ ಇಲ್ಲಿ ಮದುವೆಯಾಗೋ ಹುಡುಗಿಯ ಅಜ್ಜಿ. ತೆಗೆಸಿ ಅಂತ ಸನ್ನೆ ಮಾಡಿದರು, ಆಗಲ್ಲ ಅಂದೆ," ಎಂದರು ಫಾದರ್.

ಅಜ್ಜಿಯ ಹೆಸರು ಪ್ರಭಾ. ಚರ್ಚಿನ ಹಿಂದಿನ ಬೀದಿಯಲ್ಲೇ ಮಗಳ ಮನೆ. ಅವನಿ ಬಾಗಿಲು ತಟ್ಟಿದಳು.

"ಆಂಟಿ, ಬೆಳಿಗ್ಗೆ ಎಲ್ಲಿ ಹೋಗಿದ್ರಿ?"

"ವಾಕಿಂಗ್ ಕಣಮ್ಮ."

"ಹುಣಸೆಹಣ್ಣು ತಗೊಂಡಾ?"

ಪ್ರಭಾ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಮೊಮ್ಮಗಳು ಹಂಸಿನಿ ಮೆಟ್ಟಿಲಿಳಿದು ಓಡಿಬಂದಳು. "ಅಜ್ಜಿ, ವಾಟ್ ಡಿಡ್ ಯು ಡು? ಫಾದರ್ ಮದುವೇನೇ ಕ್ಯಾನ್ಸಲ್ ಮಾಡಿದ್ರೆ?"

ಅವನಿಯ ಮನಸ್ಸು ಒಪ್ಪಲಿಲ್ಲ. ಆದರೂ ಕಾನೂನು ಕಾನೂನೇ; ಅರೆಸ್ಟ್ ಮಾಡಿದ್ದೇನೆಂದು ಹೇಳಿ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡಳು.

"ಯಾಕೆ ಮಾಡಿದ್ರಿ ಆಂಟಿ?"

"ನನ್ನ ಮದುವೆ ದಿನ ಅತ್ತೆಮನೆಗೆ ಬೆಂಕಿ ಬಿತ್ತು ಕಣೇ. ಮಸಿ ಹಿಡಿದ ಬಾಗಿಲಲ್ಲೇ ಒಳಗೆ ಬಂದೆ. ಕೊನೆವರೆಗೂ ನನ್ನ ಕಾಲ್ಗುಣ, ನನ್ನ ಕಾಲ್ಗುಣ ಅಂತ ಆಡಿಕೊಂಡ್ರು. ನನ್ನ ಮಗು ಅಂಥ ಬಾಗಿಲು ದಾಟೋದು ಬೇಡ ಅನ್ನಿಸ್ತು."

ಠಾಣೆಗೆ ಮರಳಿ ಕಾದಿದ್ದ ಫಾದರ್‌ಗೆ ಅವನಿ ಅದನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದಳು.

"ಮದುವೆ ನಿಲ್ಲೋದಿಲ್ಲ," ಎಂದರು ಫಾದರ್. "ಯುದ್ಧ ಮುಗಿದಾಗ ಆ ಊರಿನ ಒಬ್ಬ ಹುಡುಗಿ ಸುಟ್ಟ ಬಾಗಿಲಿಂದಲೇ ಒಳಗೆ ಬಂದು ಮದುವೆಯಾದಳು. ಆಗ ಛಾವಣಿ ಕೂಡ ಇರಲಿಲ್ಲ. ಅವಳ ನೆನಪಿಗೇ ಮಸಿ ಉಳಿಸಿದ್ದು."

ಅವನಿ ಕನ್ನಡಕ್ಕೆ ತಿರುಗಿಸಿದಳು. ಪ್ರಭಾ ಬಾಯಿಗೆ ಸೆರಗು ಒತ್ತಿಕೊಂಡರು.

"ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ! ಆ ಹುಡುಗಿಗೆ ಯಾರೂ ಏನೂ ಅನ್ನಲಿಲ್ವಂತಾ?"

"ಅವಳು ಕಾಲಿಟ್ಟ ಮೇಲೇ ಊರವರು ಒಬ್ಬೊಬ್ಬರಾಗಿ ವಾಪಸು ಬಂದರಂತೆ. ಚರ್ಚು ಎದ್ದದ್ದೂ ಆಮೇಲೆ," ಎಂದು ಫಾದರನ್ನು ಕೇಳಿ ಹೇಳಿದಳು ಅವನಿ.

ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು, ಮುಖದಲ್ಲಿ ನಗು ಮೂಡಿತು. "ನೋಡಿದೆಯಾ ಅವನಿ, ಅದೂ ಕಾಲ್ಗುಣವೇ!"

ಅವನಿ ಸಮನ್ಸ್ ಕೊಟ್ಟು ಅವರನ್ನು ಮನೆಗೆ ಬಿಟ್ಟುಬಂದಳು. ಪ್ರಕರಣ ಮುಂದಿನ ತಿಂಗಳು ಕೋರ್ಟಿಗೆ ಬರಲಿದೆ. ಶನಿವಾರ ಮಾತ್ರ ಹಂಸಿನಿ ಯಾರು ಹೇಳಿದರೂ ಕೇಳದೆ, ಅಜ್ಜಿಯನ್ನೇ ಮುಂದೆ ಬಿಟ್ಟುಕೊಂಡು ಆ ಬಾಗಿಲು ದಾಟಿದಳು.