ತಲಅತ್ ಖಾನುಂ ಅವರ ‘ಯೆ’

ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಟೆಹರಾನಿನ ನಮ್ಮ ಪ್ರಕಾಶನದಲ್ಲಿ ಒಂದು ಆತ್ಮಕಥೆ ಅಂದೇ ಸಂಜೆ ಅಚ್ಚಿಗೆ ಹೋಗಬೇಕಿತ್ತು. ಪರದೆಯ ಮೇಲೆ ‘ಪರ್ವೀನ್’ ಎಂಬ ಹೆಸರು ಎದ್ದು ಕಾಣುತ್ತಿದೆ. ಹುಡುಕಿದರೆ ಕಂಪ್ಯೂಟರು ಇಲ್ಲವೇ ಇಲ್ಲ ಎನ್ನುತ್ತಿದೆ.

ಪಕ್ಕದ ಮೇಜಿನ ಮಾಹ್‌ರುಖ್ ನಕ್ಕಳು. “ಆ ಹೆಸರಲ್ಲಿರೋದು ನಮ್ಮ ಫಾರ್ಸಿ ‘ಯೆ’ ಅಕ್ಷರ ಅಲ್ಲ ಕಣೇ, ಅರಬ್ಬೀದು. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ತಲಅತ್ ಖಾನುಂ ಸಾಯೋವರೆಗೂ ಆ ಹಳೇ ಅರಬ್ಬೀ ಕೀಬೋರ್ಡ್ ಬಿಡಲಿಲ್ವಲ್ಲ.”

ನಮ್ಮ ಟೈಪಿಸ್ಟ್ ತಲಅತ್ ಖಾನುಂ ತೀರಿಕೊಂಡು ನಲವತ್ತು ದಿನವಾಗಿತ್ತು. ಅವರ ‘ಯೆ’ಗಳನ್ನೆಲ್ಲ ಒಂದೇ ಏಟಿಗೆ ಬದಲಾಯಿಸಿದೆ. ಮತ್ತೆ ಹುಡುಕಿದೆ, ಒಂದೂ ಉಳಿದಿರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು.

ಚಹಾ ಕುಡಿದು ಬಂದು ಹುಡುಕಿದರೆ ನಲವತ್ತು. ಮತ್ತೆ ಹುಡುಕಿದರೆ ಮುನ್ನೂರು. ಮೂಲೆಯಲ್ಲಿದ್ದ ಅವರ ಹಳೆಯ ಕೀಬೋರ್ಡ್ ಮುಟ್ಟಿದೆ. ಅದರ ತಂತಿ ಯಾವುದಕ್ಕೂ ಸಿಕ್ಕಿಸಿರಲಿಲ್ಲ, ಕೀಲಿಗಳು ಮಾತ್ರ ಬೆಚ್ಚಗಿದ್ದವು.

“ಎಲ್ಲಿವೆ ಅವು?” ಎಂದಳು ಮಾಹ್‌ರುಖ್.

“ಕೊನೇ ಅಧ್ಯಾಯದಲ್ಲಿ.”

“ಅದನ್ನ ಯಾರೂ ಟೈಪ್ ಮಾಡೇ ಇಲ್ವಲ್ಲೇ.”

ಲೇಖಕರು ಆ ಅಧ್ಯಾಯವನ್ನು ಕೈಯಲ್ಲೇ ಬರೆದು ಮುಗಿಸಿ ಕಳುಹಿಸಿದ್ದೇ ಅಂದು ಬೆಳಿಗ್ಗೆ. ಲಕೋಟೆ ನನ್ನ ಮೇಜಿನ ಮೇಲೆ ಅಂಟು ಬಿಡಿಸದೆ ಬಿದ್ದಿತ್ತು. ಬಿಡಿಸಿ, ಇಬ್ಬರೂ ಕೂತು ಪರದೆಯ ಮೇಲಿದ್ದ ಅಧ್ಯಾಯದೊಂದಿಗೆ ಸಾಲು ಸಾಲಾಗಿ ಹೋಲಿಸಿದೆವು.

ಒಂದು ತಪ್ಪೂ ಇರಲಿಲ್ಲ.