ಬಿಳಿ ಗೆರೆಗಿಂತ ತುಸು ಹಿಂದೆ

ನಾನು ನಿಂತಿದ್ದೆ. ಯಾರು ಏನೇ ಹೇಳಲಿ, ಆ ಬೆಳಿಗ್ಗೆ ನನ್ನ ವ್ಯಾನ್ ಪೂರ್ತಿ ನಿಂತಿತ್ತು. ಹಿಂದಿನ ತಟ್ಟೆಗಳಲ್ಲಿದ್ದ, ಚಿಪ್ಪಿನಾಕಾರದ ಸಿಹಿ ಕೋಂಚಾ ಬ್ರೆಡ್ಡುಗಳೂ ಒಂದಿಷ್ಟು ಮುಂದಕ್ಕೆ ಜಾರಿ, ಒಂದಕ್ಕೊಂದು ಒರಗಿ ನಿಂತಿದ್ದವು.

ಕಾಲುವೆ ರಸ್ತೆ ಹೆದ್ದಾರಿಯನ್ನು ಸೇರುವ ಮೂಲೆ ಅದು. ಎರಡೂ ಕಡೆ ಹೊಸದಾಗಿ ನೆಟ್ಟ ಬಾದಾಮಿ ಗಿಡಗಳು, ಸೊಂಟದೆತ್ತರ. ಕೆಂಪು ಸ್ಟಾಪ್ ಫಲಕ, ಅದರ ಮುಂದೆ ರಸ್ತೆಗೆ ಅಡ್ಡವಾಗಿ ಬಳಿದ ಬಿಳಿ ಗೆರೆ. ಆ ಗೆರೆಗಿಂತ ಒಂದು ಟ್ರ್ಯಾಕ್ಟರಿನ ಉದ್ದದಷ್ಟು ಹಿಂದೆ, ಮಣ್ಣಿನ ಅಂಚಿನಲ್ಲಿ, ನಾಚೋನ ಶಿಲುಬೆ.

ನಾಚೋ ಆ ಮೂಲೆಯಲ್ಲೇ ತೀರಿಕೊಂಡವನು. ನಿಲ್ಲದೆ ನುಗ್ಗಿದ ಲಾರಿಯೊಂದು ಅವನ ಬೈಕಿಗೆ ಹೊಡೆದಿತ್ತು. ಅವತ್ತಿನಿಂದ ನಮ್ಮ ಊರಿನವರಿಗೆ ಒಂದು ರೂಢಿ. ಮೂಲೆಗೆ ಬಂದವರೆಲ್ಲ ಶಿಲುಬೆಯ ಪಕ್ಕ ಗಾಡಿ ನಿಲ್ಲಿಸುತ್ತಾರೆ. ಹಣೆ, ಎದೆ ಮುಟ್ಟಿಕೊಳ್ಳುತ್ತಾರೆ. ಅಲ್ಲಿಂದಲೇ ಎರಡೂ ಕಡೆ ನೋಡಿ, ಮೆಲ್ಲಗೆ ಉರುಳಿಕೊಂಡು ಹೆದ್ದಾರಿಗೆ ಇಳಿಯುತ್ತಾರೆ. ಗೆರೆಯ ಹತ್ತಿರ ಇನ್ನೊಮ್ಮೆ ನಿಲ್ಲಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಂದು ಮೂಲೆಗೆ ಒಂದು ಸಲ ನಿಂತರೆ ಸಾಲದೇ?

ಅವತ್ತು ಶಿಲುಬೆಯ ಬುಡದಲ್ಲಿ ಎಫ್ರೈನ್ ಕೂತಿದ್ದ. ನಾಚೋನ ತಮ್ಮ, ಊರಿನ ಟೈರ್ ಅಂಗಡಿಯಲ್ಲಿ ಕೆಲಸ. ಬಿಸಿಲಿಗೆ ಸಿಪ್ಪೆಯೆದ್ದ ಶಿಲುಬೆಗೆ ಹೊಸ ಬಣ್ಣ ಬಳಿಯುತ್ತಿದ್ದ. ವ್ಯಾನಿನ ಸದ್ದಿಗೆ ತಲೆಯೆತ್ತಿದ. ಹುಬ್ಬಿನ ಮೇಲೊಂದು ಬಿಳಿ ಚುಕ್ಕೆ ಸಿಡಿದಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ನಾನು ಹಣೆ ಮುಟ್ಟಿಕೊಂಡೆ. ಅವನು ಬ್ರಷ್ ಹಿಡಿದ ಕೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿದ, ತನ್ನಣ್ಣನ ಪರವಾಗಿ ಥ್ಯಾಂಕ್ಸ್ ಹೇಳುವ ಹಾಗೆ. ಬಾಗಿದ ತಲೆ ಮೇಲೆ ಬರುವಾಗ ಕಣ್ಣು ಮಾತ್ರ ಸ್ವಲ್ಪ ಬೇಗ ನನ್ನ ಕಡೆ ಬಂತು.

ನಾನು ಎರಡೂ ಕಡೆ ನೋಡಿದೆ. ರಸ್ತೆ ಖಾಲಿ. ಬ್ರೇಕ್ ಬಿಟ್ಟೆ.

ಕಾಲುವೆಯ ಪಂಪ್‌ಹೌಸಿನ ಹಿಂದಿನಿಂದ ಪೊಲೀಸ್ ಕಾರು ಹೊರಬಂತು.

ಅಧಿಕಾರಿ ಹೊಸಬ, ಬಹಳ ಮರ್ಯಾದೆಯವನು. "ಮೇಡಂ, ಸ್ಟಾಪ್ ಫಲಕದ ಹತ್ರ ನೀವು ನಿಲ್ಲಲೇ ಇಲ್ಲ."

"ನಿಂತೆ."

"ನಾನು ನೋಡ್ತಾ ಇದ್ದೆ, ಮೇಡಂ."

ನನಗೆ ಮಾತು ತಡವಾಗಿ ಬರುತ್ತದೆ. ಎದುರಿನವರು ಮನೆ ಸೇರಿ ಊಟ ಮುಗಿಸಿದ ಮೇಲೆ ನನಗೆ ಸರಿಯಾದ ಉತ್ತರ ಹೊಳೆಯುತ್ತದೆ. ಕನ್ನಡಿಯಲ್ಲಿ ನೋಡಿದರೆ ಎಫ್ರೈನ್ ಓಡಿ ಬರುತ್ತಿದ್ದ. ಅಧಿಕಾರಿ ಕೈಯೆತ್ತಿ ಅವನನ್ನು ತಡೆದ, ಏನೋ ಹೇಳಿದ. ಎಫ್ರೈನ್ ಜೋರಾಗಿ ನಕ್ಕ.

ಅವನ ನಗು ಅಧಿಕಾರಿ ಕೊಟ್ಟ ದಂಡದ ಚೀಟಿಗಿಂತ ಹೆಚ್ಚು ಉರಿಸಿತು. ನಾನು ತಿರುಗಿ ನೋಡದೆ ಹೊರಟುಬಿಟ್ಟೆ.

"ದಂಡ ಕಟ್ಟಿ ಬಿಸಾಕು, ಮಗಳೇ," ಅಂದರು ಚಾಯೋ ಚಿಕ್ಕಮ್ಮ ಮಾರನೇ ದಿನ, ಹಿಟ್ಟು ನಾದುತ್ತಲೇ. ಬೇಕರಿ ಅವರದು, ವ್ಯಾನ್ ಕೂಡ. "ಊರಲ್ಲಿ ಯಾರಿಗೆ ಬಿದ್ದಿಲ್ಲ ದಂಡ? ನಿಮ್ಮ ಚಿಕ್ಕಪ್ಪನಿಗಂತೂ ಮದುವೆ ದಿನಾನೇ ಬಿತ್ತು."

"ಕಟ್ಟಿದ್ರೆ ತಪ್ಪು ಒಪ್ಪಿಕೊಂಡ ಹಾಗೆ. ದಾಖಲೆಯಲ್ಲಿ ಸೇರುತ್ತೆ."

ಚಿಕ್ಕಮ್ಮನ ಕೈ ನಿಂತಿತು. ವಿಷಯ ಅವರಿಗೂ ಗೊತ್ತು. ಆಗಸ್ಟಿನಲ್ಲಿ ಶಾಲಾ ಬಸ್ ಚಾಲಕರ ತರಬೇತಿ ಶುರುವಾಗಲಿತ್ತು, ನಾನು ಹೆಸರು ಕೊಟ್ಟಿದ್ದೆ. ಚಾಲನೆಯ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇರಬಾರದು ಎಂದು ಮೊದಲೇ ಹೇಳಿದ್ದರು. ಅಮ್ಮನ ಕಾಯಿಲೆಗೆಂದು ಹತ್ತನೇ ತರಗತಿಯ ನಡುವೆ ನಾನು ಬಿಟ್ಟು ಬಂದ ಶಾಲೆ ಅದು. ಅದೇ ಗೇಟಿನೊಳಗೆ ಹಳದಿ ಬಸ್ಸನ್ನು ತಿರುಗಿಸಿಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಓಡಿಸಿ ನೋಡಿದ್ದೆ.

"ಹಾಗಾದ್ರೆ ಕೋರ್ಟಿಗೆ ಹೋಗ್ತೀಯಾ? ಅಲ್ಲಿ ನಿಂತು ಮಾತಾಡಬೇಕು ಕಣೇ!"

"ಅಂಚೆಯಲ್ಲೂ ವಾದ ಮಾಡಬಹುದು. ದಂಡದ ಹಣ ಮೊದಲೇ ಇಟ್ಟು, ನಡೆದದ್ದನ್ನ ಬರೆದು ಕಳಿಸಬೇಕು. ಅವನೂ ಬರೀತಾನೆ. ನ್ಯಾಯಾಧೀಶರು ಎರಡೂ ಓದಿ ತೀರ್ಪು ಕಳಿಸ್ತಾರೆ."

"ಅಯ್ಯೋ ದೇವರೇ! ಪೊಲೀಸಿನವನ ಜೊತೆ ಪತ್ರದಲ್ಲಿ ಜಗಳ! ಒಬ್ಬ ಹುಡುಗನಿಗೂ ಇನ್ನೂ ಒಂದು ಪತ್ರ ಬರೆದವಳಲ್ಲ ನೀನು!"

ಸರಿಯಾಗಿ ಆಗಲೇ ಬಾಗಿಲ ಗಂಟೆ ಸದ್ದಾಯಿತು. ಎಫ್ರೈನ್. ತಟ್ಟೆ, ಇಕ್ಕಳ ಎತ್ತಿಕೊಂಡು ಬ್ರೆಡ್ಡಿನ ಕಪಾಟಿನ ಮುಂದೆ ಬಹಳ ಹೊತ್ತು ನಿಂತ. ಗುಲಾಬಿ ಬಣ್ಣದ್ದನ್ನು ಎತ್ತಿದ, ಇಟ್ಟ. ಹಳದಿಯದನ್ನು ಎತ್ತಿದ, ಇಟ್ಟ.

"ಬ್ರೆಡ್ ತಗೊಳ್ತೀಯೋ, ಮಾತಾಡಿಸ್ತೀಯೋ?" ಅಂದರು ಚಿಕ್ಕಮ್ಮ. ಅವನ ಕಿವಿ ಕೆಂಪಾಯಿತು. ಚಿಕ್ಕಮ್ಮ ಒಲೆ ನೋಡುವ ನೆಪ ಮಾಡಿಕೊಂಡು ಒಳಗೆ ಹೋದರು.

"ಅರಾಸೆಲಿ, ಅವತ್ತು ನಾನು ನಕ್ಕಿದ್ದು ನಿನ್ನ ನೋಡಿ ಅಲ್ಲ. ನಾನು ಬ್ರಷ್ ಹಿಡ್ಕೊಂಡು ಓಡಿ ಬಂದ್ನಲ್ಲ, ಅವನು 'ಕೈಲಿರೋದನ್ನ ಕೆಳಗೆ ಹಾಕು' ಅಂದ. ಬಣ್ಣದ ಬ್ರಷ್ ನೋಡಿ ಹೆದರಿಬಿಟ್ಟ ಪಾಪ."

ನನ್ನ ತುಟಿಯ ತುದಿ ನನ್ನನ್ನು ಕೇಳದೆ ಮೇಲೆದ್ದಿತು. ಅವನು ಅದನ್ನು ನೋಡಿಬಿಟ್ಟ.

"ನಾನು ಸಾಕ್ಷಿ ಬರೆದು ಕೊಡ್ತೀನಿ," ಅಂದ ಉತ್ಸಾಹದಿಂದ. "ಅವಳು ನನ್ನಣ್ಣನ ಶಿಲುಬೆ ಹತ್ರ ನಿಂತಳು, ಈ ಊರಲ್ಲಿ ಎಲ್ಲರೂ ಅಲ್ಲೇ ನಿಲ್ತಾರೆ ಅಂತ."

"ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ."

ಹೇಳಬಹುದಿತ್ತು. ಹೋದ ವರ್ಷ ಹತ್ತಿ ಗಿರಣಿಯ ತಿರುವಿನಲ್ಲಿದ್ದ ಇನ್ನೊಂದು ಶಿಲುಬೆಯನ್ನು ರಸ್ತೆ ಇಲಾಖೆಯವರು ಕಿತ್ತು ಒಯ್ದಿದ್ದರು. ಅದು ಚಾಲಕರ ಗಮನವನ್ನು ರಸ್ತೆಯಿಂದ ಬೇರೆಡೆ ಸೆಳೆಯುತ್ತದೆ ಎಂದು ಯಾರೋ ಒಂದು ಕಾಗದ ಬರೆದಿದ್ದರಂತೆ. ಅಷ್ಟೇ ಸಾಕಾಗಿತ್ತು. ನಾಚೋನ ಶಿಲುಬೆಯಿಂದಾಗಿ ಜನ ಗೆರೆಯಲ್ಲಿ ನಿಲ್ಲುವುದಿಲ್ಲ ಎಂದು ನಾವೇ ಬರೆದುಕೊಟ್ಟರೆ? ಪ್ರತಿ ಭಾನುವಾರ ಹೂ ತರುವ ಅವನ ತಾಯಿಗೆ ಉಳಿಯುವುದು ಒಂದು ಗುಂಡಿ. ಇದನ್ನು ಅವನ ಮುಖ ನೋಡಿ ಹೇಗೆ ಹೇಳಲಿ? ಹೇಳಿದರೆ ಅವನು ಅಣ್ಣನನ್ನೂ ನನ್ನ ಕೆಲಸವನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕಾಗುತ್ತಿತ್ತು. ಆ ತಕ್ಕಡಿ ಅವನ ಕೈಗೆ ಬರುವುದು ನನಗೆ ಇಷ್ಟವಿರಲಿಲ್ಲ.

ಅವನು ಬೇರೆಯೇ ಅರ್ಥ ಮಾಡಿಕೊಂಡ. "ಟೈರ್ ಅಂಗಡಿಯವನ ಮಾತಿಗೆ ಕೋರ್ಟಲ್ಲಿ ಬೆಲೆ ಇಲ್ಲ ಅಂತಾನಾ? ಸರಿ ಬಿಡು." ಖಾಲಿ ತಟ್ಟೆಯನ್ನು ಮೆತ್ತಗೆ ಇಟ್ಟು ಹೊರಟುಹೋದ. ಬಾಗಿಲು ಬಡಿದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಮಧ್ಯಾಹ್ನ ಒಲೆ ಆರಿದ ಮೇಲೆ, ಹಿಟ್ಟಿನ ಮೇಜು ಒರೆಸಿ ಬರೆಯಲು ಕೂತೆ. ದೊಡ್ಡ ದೊಡ್ಡ ಮಾತು ಹುಡುಕಿದೆ, ಯಾವುದೂ ನನ್ನದೆನಿಸಲಿಲ್ಲ. ಎಲ್ಲ ಹರಿದು ಹಾಕಿ, ನನಗೆ ಗೊತ್ತಿದ್ದಷ್ಟನ್ನೇ ಬರೆದೆ:

'ನಾನು ನಿಂತೆ. ಬಿಳಿ ಗೆರೆಯ ಹತ್ತಿರ ಅಲ್ಲ, ಅದಕ್ಕಿಂತ ತುಸು ಹಿಂದೆ. ಗಾಲಿಗಳು ಪೂರ್ತಿ ನಿಂತಿದ್ದವು. ಅಲ್ಲಿಂದ ಹೆದ್ದಾರಿ ಎರಡೂ ಕಡೆ ಕಾಣುತ್ತದೆ. ಯಾವ ಗಾಡಿಯೂ ಇರಲಿಲ್ಲ. ಗೆರೆಯ ಹತ್ತಿರ ಇನ್ನೊಮ್ಮೆ ನಿಲ್ಲಬೇಕು ಎಂಬುದು ನನಗೆ ತಿಳಿದಿರಲಿಲ್ಲ; ಈಗ ತಿಳಿಯಿತು. ಆದರೆ ನಾನು ನಿಲ್ಲಲೇ ಇಲ್ಲ ಎಂದು ಬರೆದಿರುವುದು ನಿಜವಲ್ಲ. ಆ ಮೂಲೆಯಲ್ಲಿ ನಾನು ಒಂದು ದಿನವೂ ನಿಲ್ಲದೆ ಹೋದವಳಲ್ಲ.'

ಓದಿ ನೋಡಿದೆ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಇನ್ನು ಬೇಕಿದ್ದದ್ದು ಫೋಟೋ. ನಾನು ನಿಂತ ಜಾಗದಿಂದ ರಸ್ತೆ ಕಾಣುತ್ತದೆಂದು ತೋರಿಸಬೇಕಿತ್ತು. ಭಾನುವಾರ ಮೂಲೆಗೆ ಹೋದರೆ ಎಫ್ರೈನ್ ತಾಯಿಯನ್ನು ಮನೆಗೆ ಬಿಟ್ಟು ಬಂದು ಶಿಲುಬೆಯ ಸುತ್ತ ಕಳೆ ಕೀಳುತ್ತಿದ್ದ.

"ಸಾಕ್ಷಿ ಬೇಡದವರಿಗೆ ಇಲ್ಲೇನು ಕೆಲಸ?"

"ಫೋಟೋ."

"ನನ್ನದಾ?"

"ರಸ್ತೇದು."

"ರಸ್ತೆ ಪುಣ್ಯ ಮಾಡಿದೆ," ಅಂದ. ಆದರೂ ಕೈ ಒರೆಸಿಕೊಂಡು ಎದ್ದ. "ಕೊಡು ಫೋನು. ನೀನು ವ್ಯಾನಲ್ಲಿ ಕೂತ್ಕೋ, ಅವತ್ತಿನ ಹಾಗೇ. ನಾನು ತೆಗೀತೀನಿ."

ನಾನು ಕೂತೆ. ಅವನು ಹಿಂದೆ ಸರಿದು ಫೋನ್ ಎತ್ತಿದ.

"ಇನ್ನೂ ಎಡಕ್ಕೆ ತಿರುಗಿಸು," ಅಂದೆ.

"ಇಷ್ಟು ಸಾಕಾ?"

"ಇನ್ನೂ ಎಡಕ್ಕೆ."

"ಇನ್ನೂ ತಿರುಗಿಸಿದ್ರೆ ಶಿಲುಬೆ ಬರಲ್ಲ ಕಣೇ."

"ಬರೋದು ಬೇಡ."

ಫೋನ್ ಮೆಲ್ಲಗೆ ಕೆಳಗಿಳಿಯಿತು. ಅವನು ಶಿಲುಬೆ ನೋಡಿದ, ಬಿಳಿ ಗೆರೆ ನೋಡಿದ, ಹತ್ತಿ ಗಿರಣಿಯ ತಿರುವಿನ ಕಡೆ ನೋಡಿದ. ಕೊನೆಗೆ ನನ್ನನ್ನು ನೋಡಿದ. ಯಾರಾದರೂ ನನ್ನನ್ನು ಅಷ್ಟು ಹೊತ್ತು ನೋಡಿದರೆ ನಾನು ತಲೆ ತಗ್ಗಿಸುತ್ತೇನೆ. ಅವತ್ತು ತಗ್ಗಿಸಲಿಲ್ಲ.

"ಅದಕ್ಕಾ?" ಅಂದ.

"ಹೂಂ."

"ನಾನು ಏನೇನೋ ಅಂದುಬಿಟ್ಟೆ, ಅಲ್ವಾ?"

"ಸ್ವಲ್ಪ."

ಬರೆದದ್ದನ್ನು ಓದಲು ಕೇಳಿದ. ಕೊಟ್ಟೆ. ತನ್ನ ಪಿಕಪ್ಪಿನ ಇಳಿಬಿಟ್ಟ ಹಿಂಬಾಗಿಲಿನ ಮೇಲೆ ಕೂತು, ತುಟಿ ಅಲ್ಲಾಡಿಸುತ್ತ ಓದಿದ. ಮುಗಿದ ಮೇಲೂ ಹಾಳೆ ಹಿಂದೆ ಕೊಡಲಿಲ್ಲ.

"ಯಾಕೆ ಇಲ್ಲಿ ನಿಂತೆ ಅಂತ ಬರೆದೇ ಇಲ್ಲ."

"ಅವರು ಕೇಳಿಲ್ಲ."

"ಕೇಳಿದ್ರೆ?"

"ಆಗ್ಲೂ ಹೇಳಲ್ಲ."

"ಅರಾಸೆಲಿ, ಬಸ್ಸಿನ ಕೆಲಸ ಹೋದ್ರೆ?"

"ಗೆಲ್ಲಬೇಕು ಅಂತಾನೇ ಬರೆದಿದ್ದು. ಆದ್ರೆ ನಾಚೋನನ್ನ ಮುಂದೆ ತಳ್ಳಿ ಗೆಲ್ಲಲ್ಲ."

ಅವನು ಪಿಕಪ್ಪಿನಿಂದ ಇಳಿದ. ಏನೋ ಹೇಳಲು ಬಾಯಿ ತೆರೆದ. ಟೊಮೇಟೊ ಲಾರಿಯೊಂದು ಬಂದು ನಮ್ಮ ಪಕ್ಕ ನಿಂತು, ಚಾಲಕ ಎದೆ ಮುಟ್ಟಿಕೊಂಡು, ನಮ್ಮಿಬ್ಬರನ್ನೂ ನೋಡಿ ಕಣ್ಣು ಹೊಡೆದು ಹೋದ. ಹೇಳಬೇಕಾದ ಮಾತು ಆ ಧೂಳಿನಲ್ಲಿ ಎಲ್ಲೋ ಹೋಯಿತು. ಅವನು ಎಡಕ್ಕೆ ತಿರುಗಿಸಿ ಫೋಟೋ ತೆಗೆದುಕೊಟ್ಟ.

ಕಾಗದ ಹೋಯಿತು. ಬೇಸಿಗೆ ಕಾದ ಬಾಣಲೆಯ ಹಾಗೆ ಊರಿನ ಮೇಲೆ ಕೂತಿತು. ಎಫ್ರೈನ್ ದಿನವೂ ಬೇಕರಿಗೆ ಬರತೊಡಗಿದ.

"ಒಬ್ಬ ಮನುಷ್ಯನಿಗೆ ಎಷ್ಟು ಬ್ರೆಡ್ ಬೇಕೋ?" ಅಂತ ಚಿಕ್ಕಮ್ಮ ಕಾಲೆಳೆದರು. "ನೀನೂ ಟೈರ್ ಥರ ಆಗ್ತೀಯ ನೋಡು."

"ನಮ್ಮಮ್ಮನಿಗೆ ಇಷ್ಟ, ತಾಯಿ."

"ನಿಮ್ಮಮ್ಮನಿಗೆ ಸಕ್ಕರೆ ಕಾಯಿಲೆ!"

ಅವನು ನನ್ನ ಕಡೆ ನೋಡಿದ, ಕಾಪಾಡು ಎನ್ನುವ ಹಾಗೆ. ನಾನು ಕಾಗದದ ಚೀಲದೊಳಗೆ ಬ್ರೆಡ್ ಹಾಕುತ್ತ ಬೇಕೆಂದೇ ನಿಧಾನ ಮಾಡಿದೆ.

ಜುಲೈ ಮುಗಿಯುವಾಗ ಉತ್ತರ ಬಂತು. ನಾನು ತಪ್ಪಿತಸ್ಥಳಲ್ಲ. ಇಟ್ಟ ಹಣ ವಾಪಸ್, ದಾಖಲೆ ಶುದ್ಧ. ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಹಿಂಡಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು. ನಾನೂ ನಕ್ಕೆ. ಆಮೇಲೆ ಕೆಳಗಿನ ಸಾಲು ಓದಿದೆ. ಅಧಿಕಾರಿಯ ಹೇಳಿಕೆ ಗಡುವಿನೊಳಗೆ ಬಂದಿರಲಿಲ್ಲ.

ಸಂಜೆ ಎಫ್ರೈನ್ ಬಂದಾಗ ನಾನು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದೆ.

"ಗೆದ್ದೆಯಂತೆ! ಮುಖ ಯಾಕೆ ಹಾಗಿದೆ?"

"ಅವನು ಉತ್ತರ ಕಳಿಸಲೇ ಇಲ್ಲ. ಅದಕ್ಕೇ ಗೆದ್ದಿದ್ದು. ನನ್ನ ಕಾಗದ ಯಾರೂ ಓದಿರಲ್ಲ, ಎಫ್ರೈನ್. ನಾನು ಗೆದ್ದಿದ್ದಲ್ಲ ಇದು."

ಅವನು ಪಕ್ಕದಲ್ಲಿ ಕೂತ. ಮೈಯಿಂದ ರಬ್ಬರಿನ ವಾಸನೆ, ಸೋಪಿನ ವಾಸನೆ. ಬರುವ ಮುಂಚೆ ಉಜ್ಜಿ ಉಜ್ಜಿ ಕೈ ತೊಳೆದಿದ್ದ.

"ನಾನು ಓದಿದೆ," ಅಂದ. "ಓದಿದಾಗಿಂದ ನನ್ನ ಕೈಲಿ ನೆಟ್ಟಗೆ ಒಂದು ಕೆಲಸ ಆಗ್ತಿಲ್ಲ. ನಟ್ ಬಿಗಿ ಮಾಡೋದು ಮರೀತೀನಿ. ಮಾಲೀಕ ಎರಡೆರಡು ಸಲ ನೋಡ್ತಾನೆ. ಈ ಊರಿನ ಜನ ಕ್ಷೇಮವಾಗಿರಬೇಕಾದ್ರೆ ನೀನು ಬೇಗ ಏನಾದರೂ ಮಾಡಬೇಕು."

"ನಾನೇನು ಮಾಡಲಿ?"

"ನನ್ನ ಪ್ರೀತಿಸು. ಕಷ್ಟ ಆದ್ರೆ ನಿಧಾನವಾಗಿ ಪ್ರೀತಿಸು. ಕಾಯ್ತೀನಿ." ಇಷ್ಟು ಹೇಳಿ ತನ್ನ ಮಾತಿಗೆ ತಾನೇ ಬೆಚ್ಚಿ ಎದ್ದು ನಿಂತ. "ಅಮ್ಮ ನಿನ್ನ ನೋಡಬೇಕಂತೆ. ಭಾನುವಾರ, ಮೂಲೆಯಲ್ಲಿ. ಅವರಿಗೂ ಎಲ್ಲ ಹೇಳಿದೀನಿ." ಬ್ರೆಡ್ ಕೂಡ ತೆಗೆದುಕೊಳ್ಳದೆ ಓಡಿದ.

ಭಾನುವಾರ ಹೋದೆ. ಓಫೇಲಿಯಾ ಅಮ್ಮ ಕೊಡೆ ಹಿಡಿದು ಮಡಚುವ ಕುರ್ಚಿಯ ಮೇಲೆ ಕೂತಿದ್ದರು. ಎಫ್ರೈನ್ ಶಿಲುಬೆಯ ಸುತ್ತ ಅಗೆಯುತ್ತಿದ್ದ. ನಾನು ವ್ಯಾನಿನ ಬಾಗಿಲೂ ಹಾಕದೆ ಓಡಿದೆ.

"ಯಾಕೆ ಕೀಳ್ತಿದ್ದೀರಿ, ಅಮ್ಮ? ನಾನು ಬರೆದೇ ಇಲ್ಲ, ನಿಜವಾಗ್ಲೂ..."

"ಗೊತ್ತು, ಮಗಳೇ. ಇವತ್ತು ನೀನು ಬರೆಯಲಿಲ್ಲ, ನಾಳೆ ಇನ್ನೊಬ್ಬರು ಬರೀತಾರೆ." ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ನನ್ನ ಮಗನಿಗೋಸ್ಕರ ನಿಂತವರಿಗೆ ದಂಡ ಬೀಳಬಾರದು. ಅವನನ್ನ ಗೆರೆ ಹತ್ರಾನೇ ಕರ್ಕೊಂಡು ಹೋಗೋಣ. ಜನ ಅವನ ಮುಂದೆ ನಿಂತರೆ ಕಾನೂನಿನ ಮುಂದೆಯೂ ನಿಂತ ಹಾಗಾಗಲಿ."

ಶಿಲುಬೆಯ ಒಂದು ತುದಿ ಎಫ್ರೈನ್ ಹಿಡಿದ, ಇನ್ನೊಂದು ನಾನು. ಒಂದು ಟ್ರ್ಯಾಕ್ಟರಿನಷ್ಟು ದೂರ, ಅಷ್ಟೇ. ಆದರೆ ಆ ದಾರಿಯನ್ನು ನಾವು ಮೆರವಣಿಗೆಯ ಹಾಗೆ ನಡೆದೆವು, ಓಫೇಲಿಯಾ ಅಮ್ಮ ಕೊಡೆ ಎತ್ತಿ ಹಿಡಿದು ಮುಂದೆ. ಬಿಳಿ ಗೆರೆಯ ನೇರಕ್ಕೆ ನೆಟ್ಟು, ಮಣ್ಣು ತುಳಿದು ಗಟ್ಟಿ ಮಾಡಿದೆವು.

"ಎಫ್ರೈನ್," ಅಂದೆ. "ಅವತ್ತು ನಾನು ಎರಡೂ ಕಡೆ ನೋಡಿದ್ದು ನಿಜ. ಆದ್ರೆ ಮೊದಲು ನೋಡಿದ್ದು ನಿನ್ನ."

ಗುದ್ದಲಿ ಅವನ ಕೈಯಿಂದ ಜಾರಿತು.

"ಅದನ್ನ ನ್ಯಾಯಾಧೀಶರಿಗೆ ಬರೆದಿಲ್ಲ ತಾನೇ?" ಅಂದರು ಓಫೇಲಿಯಾ ಅಮ್ಮ ಗಾಬರಿಯಿಂದ.

ನಾವು ನಗುತ್ತಿರುವಾಗಲೇ ಕಾಲುವೆಯ ಕಡೆಯಿಂದ ಒಂದು ಹಳೆಯ ಕಾರು ಬಂತು. ಅಭ್ಯಾಸದಂತೆ ಮೊದಲಿನ ಜಾಗದಲ್ಲೇ ನಿಂತಿತು. ಚಾಲಕ ಹಣೆಗೆ ಕೈ ಒಯ್ದವನು ಗಲಿಬಿಲಿಯಿಂದ ಅತ್ತ ಇತ್ತ ನೋಡಿದ. ಆಮೇಲೆ ನಮ್ಮನ್ನು ಕಂಡ, ಶಿಲುಬೆಯನ್ನು ಕಂಡ. ಮೆಲ್ಲಗೆ ಮುಂದೆ ಬಂದು, ಗೆರೆಗೆ ಸರಿಯಾಗಿ ನಿಲ್ಲಿಸಿ, ಟೋಪಿ ತೆಗೆದ.

ನಾವು ಮೂವರೂ ತಲೆಯೆತ್ತಿ ನಿಂತೆವು. ಎಫ್ರೈನನ ಮಣ್ಣಿನ ಕೈ ನನ್ನ ಮಣ್ಣಿನ ಕೈಯನ್ನು ಹಿಡಿಯಿತು, ಅವನ ತಾಯಿಯ ಎದುರಿಗೇ, ಹಾಡುಹಗಲಲ್ಲಿ. ನಾನು ಬಿಡಿಸಿಕೊಳ್ಳಲಿಲ್ಲ.